ಡ್ರೈವರ್ ಕೂರುವ ಜಾಗ

ನಮ್ಮ ಸೋದರಮಾವ ತಿಪಟೂರಿನಿಂದ ಕೊಬ್ಬರಿ ಲೋಡು ತುಂಬಿಕೊಂಡು ಉತ್ತರದ ಕಡೆಗೆ ಹೋಗುತ್ತಿದ್ದವರು. ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದಾಗ ಜಗಲಿಯ ಮೇಲೆ ಕಾಲು ಚಾಚಿ ಕೂರುತ್ತಿದ್ದರು, ಅತ್ತೆ ಎಣ್ಣೆ ಬಿಸಿಮಾಡಿ ತಂದು ತಿಕ್ಕುತ್ತಿದ್ದರು. ತಿಕ್ಕುತ್ತಿದ್ದದ್ದು ಎಡಗಾಲಿಗೆ ಮಾತ್ರ. ಆ ಕಾಲಿನ ಮೀನಖಂಡ ಬಲಗಾಲಿಗಿಂತ ಕಪ್ಪಾಗಿ, ಚರ್ಮ ಬಲೆಬಲೆಯಾಗಿ ಕಾಣುತ್ತಿತ್ತು. ಚಿಕ್ಕವರಾಗಿದ್ದ ನಮಗೆ ಅದು ಹುಟ್ಟುಮಚ್ಚೆ ಎನಿಸಿತ್ತು. ಹಳೆಯ ಲಾರಿಯ ಕ್ಯಾಬಿನ್ನಿನಲ್ಲಿ ಎಂಜಿನ್ನು ಡ್ರೈವರಿನ ಎಡಕ್ಕೆ, ಒಂದು ಮುಚ್ಚಳದ ಕೆಳಗೆ ಇರುತ್ತದೆ, ಕ್ಲಚ್ಚು ಒತ್ತುವುದೂ ಎಡಗಾಲೇ ಎಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಮೂವತ್ತು ವರ್ಷ ಆ ಕಾಲು ಒಲೆಯ ಪಕ್ಕದಲ್ಲಿತ್ತು.

ಬೇಸಿಗೆಯಲ್ಲಿ ಮಾವ ಗೋಣಿಚೀಲ ನೆನೆಸಿ ಎಂಜಿನ್ನಿನ ಮುಚ್ಚಳದ ಮೇಲೆ ಹಾಸುತ್ತಿದ್ದರಂತೆ. ಚಿತ್ರದುರ್ಗ ದಾಟುವಷ್ಟರಲ್ಲಿ ಅದು ಒಣಗಿ ಗರಿಗರಿಯಾಗಿರುತ್ತಿತ್ತು. ಹಿರಿಯೂರಿನ ಕಡೆಯಿಂದ ಬರುವವರನ್ನು ಕೇಳಿ, ಹುಬ್ಬಳ್ಳಿಯವರನ್ನು ಕೇಳಿ, ಆ ಕಾಲದ ಯಾವ ಡ್ರೈವರಿಗೂ ಒದ್ದೆ ಗೋಣಿಚೀಲದ ಪರಿಚಯ ಇದ್ದೇ ಇರುತ್ತದೆ.

ಈಗ ಮಾವನ ಮಗ, ನಾನು ಬಾವ ಎಂದು ಕರೆಯುವವರು, 1613 ಮಾಡೆಲಿನ ಒಂದು ಹಳೆಯ ಲಾರಿ ಇಟ್ಟುಕೊಂಡಿದ್ದಾರೆ. ಮಾಲೀಕರೂ ಅವರೇ, ಡ್ರೈವರೂ ಅವರೇ. ಕಳೆದ ಬೇಸಿಗೆಯಲ್ಲಿ ಅವರು ಸೊಂಟ ಹಿಡಿದು ಹತ್ತು ದಿನ ಮಲಗಿದರು. ಎದ್ದ ಮೇಲೆ ಮಾಡಿದ ಮೊದಲ ಕೆಲಸ ಲಾರಿಯ ಒಳಗನ್ನು ಬಿಚ್ಚಿಹಾಕಿದ್ದು. ಹೊಸ ಲಾರಿಗೆ ದುಡ್ಡಿಲ್ಲ, ಹೊಸ ಸಾಮಾನಿಗೂ ಇಲ್ಲ. ಹಾಗಾಗಿ ಇಬ್ಬರೂ ಗುಜರಿ ಅಂಗಡಿಗಳನ್ನು ಸುತ್ತಿದೆವು. ಆ ಒಂದೂವರೆ ತಿಂಗಳಲ್ಲಿ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಇಂಥ ಲಾರಿಗಳು ನಮ್ಮ ರಸ್ತೆಗಳಲ್ಲಿ ಇನ್ನೂ ಬಹಳ ಕಾಲ ಓಡುತ್ತವೆ. ಅವುಗಳಲ್ಲಿ ಕೂರುವವರ ಬಗ್ಗೆ ಯಾವ ಕಾನೂನೂ ಯೋಚಿಸಿಲ್ಲ.

ಕಾನೂನು ಇಲ್ಲವೇ ಇಲ್ಲ ಎಂದಲ್ಲ. ಲಾರಿಯ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ ಎಂಬ ಆದೇಶವನ್ನು ಕೇಂದ್ರ ಸಾರಿಗೆ ಸಚಿವಾಲಯ 2023ರ ಡಿಸೆಂಬರಿನಲ್ಲಿ ಹೊರಡಿಸಿತು. 2025ರಲ್ಲಿ ಅದು ಜಾರಿಗೂ ಬಂತು. ಒಟ್ಟು ತೂಕ 3.5 ಟನ್ ಮೀರಿದ ಸರಕು ವಾಹನಗಳಿಗೆಲ್ಲ ಅದು ಅನ್ವಯಿಸುತ್ತದೆ. ಒಳ್ಳೆಯ ನಿಯಮ, ತಡವಾಗಿ ಬಂದ ನಿಯಮ. ನಮ್ಮ ಹೊಸಕೋಟೆಯಲ್ಲಿ ವೋಲ್ವೊ ಕಂಪನಿ 1998ರಲ್ಲಿ ಲಾರಿ ಜೋಡಿಸಲು ಶುರುಮಾಡಿದಾಗಲೇ ಎ.ಸಿ. ಕ್ಯಾಬಿನ್ನು ಹೇಗಿರುತ್ತದೆಂದು ಕರ್ನಾಟಕ ನೋಡಿತ್ತು. ಅಲ್ಲಿಂದ ಇಲ್ಲಿಗೆ ಬರಲು ಕಾಲು ಶತಮಾನ ಬೇಕಾಯಿತು. ಅಷ್ಟಾದರೂ ನಿಯಮ ಹೇಳುವುದು ಹೊಸದಾಗಿ ತಯಾರಾಗುವ ಲಾರಿಗಳ ಬಗ್ಗೆ. ಈಗಾಗಲೇ ರಸ್ತೆಯಲ್ಲಿರುವ ಗಾಡಿಯ ಡ್ರೈವರಿಗೆ ಅದರಿಂದ ಸಿಗುವುದು ಏನೂ ಇಲ್ಲ.

ಹಳೆಯ ಲಾರಿಯ ಒಳಗು ಯಾಕೆ ಅಷ್ಟು ಬಡವಾಗಿದೆ ಎಂಬುದಕ್ಕೂ ಒಂದು ಚರಿತ್ರೆ ಇದೆ. ನಮ್ಮಲ್ಲಿ ದಶಕಗಳ ಕಾಲ ಕಂಪನಿಗಳು ಲಾರಿಯನ್ನು ಪೂರ್ತಿ ಮಾಡಿ ಮಾರುತ್ತಿರಲಿಲ್ಲ. ಚಾಸಿ, ಎಂಜಿನ್ನು, ಮುಂದೆ ಒಂದು ಮುಖ, ಅಷ್ಟೇ. ಆ ಮುಖಕ್ಕೆ ಕೌಲ್ ಎನ್ನುತ್ತಾರೆ. ಬಾಗಿಲಿಲ್ಲ, ಮೇಲೆ ಸೂರಿಲ್ಲ, ಎಷ್ಟೋ ಸಲ ಮುಂದಿನ ಗಾಜೂ ಇಲ್ಲ. ಜಮ್‌ಶೆಡ್‌ಪುರದ ಕಾರ್ಖಾನೆಯಿಂದ ಹೊರಟ ಅಂಥ ಚಾಸಿಗಳನ್ನು ತಲೆಗೆ ಟವೆಲ್ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಸಾವಿರಾರು ಕಿಲೋಮೀಟರ್ ಓಡಿಸಿಕೊಂಡು ಬರುವವರನ್ನು ಹೆದ್ದಾರಿಯಲ್ಲಿ ಎಲ್ಲರೂ ನೋಡಿದ್ದೇವೆ. ಉಳಿದದ್ದನ್ನು ಕಟ್ಟುತ್ತಿದ್ದದ್ದು ಬಾಡಿ ಕಟ್ಟುವವರು. ತಮಿಳುನಾಡಿನ ನಾಮಕ್ಕಲ್, ತಿರುಚೆಂಗೋಡು ಈ ಕೆಲಸಕ್ಕೆ ಹೆಸರಾದ ಊರುಗಳು. ಕರ್ನಾಟಕದ ಎಷ್ಟೋ ಲಾರಿಗಳು ಅಲ್ಲೇ ಮೈ ತುಂಬಿಕೊಂಡು ಬಂದವು. ಮರದ ಚೌಕಟ್ಟು, ಮೇಲೆ ತಗಡು, ಒಳಗೆ ರೆಕ್ಸಿನ್, ಸೂರಿಗೆ ಹೂಬಳ್ಳಿಯ ಚಿತ್ತಾರ. ಆ ಬಡಗಿಗಳ ಕೈಕೆಲಸದ ಬಗ್ಗೆ ನನಗೆ ಗೌರವ ಇದೆ. ಆದರೆ ಅವರಿಗೆ ಬರುತ್ತಿದ್ದ ಆದೇಶ ಮಾಲೀಕನದು. ಮಾಲೀಕ ಲೆಕ್ಕ ಹಾಕುತ್ತಿದ್ದದ್ದು ಹಿಂದಿನ ತೊಟ್ಟಿಗೆ ಎಷ್ಟು ಟನ್ನು ಹಿಡಿಯುತ್ತದೆ ಎಂದು. ಡ್ರೈವರಿನ ಸೀಟಿಗೆ ಉಳಿಯುತ್ತಿದ್ದದ್ದು ಒಂದು ಮರದ ಪೆಟ್ಟಿಗೆ, ಅದರ ಮೇಲೆ ತೆಂಗಿನ ನಾರಿನ ಕುಷನ್ನು.

ಮೊದಲು ಸೀಟಿನ ವಿಷಯ. ಒಳಗಿನ ಕೆಲಸಕ್ಕೆ ಕೈಹಾಕುವವರು ಸಾಮಾನ್ಯವಾಗಿ ಮ್ಯೂಸಿಕ್ ಸಿಸ್ಟಮ್, ಬಣ್ಣದ ಲೈಟು, ಹೊಸ ರೆಕ್ಸಿನ್‌ಗಳಿಂದ ಶುರುಮಾಡುತ್ತಾರೆ. ಅದು ತಪ್ಪು ಎಂದು ನಾನು ಖಚಿತವಾಗಿ ಹೇಳುತ್ತೇನೆ. ದುಡ್ಡು ಒಂದೇ ಕಡೆ ಹಾಕುವಷ್ಟಿದ್ದರೆ ಸೀಟಿಗೆ ಹಾಕಬೇಕು.

ಲಾರಿ ಓಡುವಾಗ ಮೇಲಕ್ಕೂ ಕೆಳಕ್ಕೂ ನಡುಗುತ್ತಿರುತ್ತದೆ. ಮನುಷ್ಯನ ಬೆನ್ನುಮೂಳೆಗೆ ಅತಿ ಹೆಚ್ಚು ಕಷ್ಟ ಕೊಡುವುದು ಸೆಕೆಂಡಿಗೆ ಸುಮಾರು 4ರಿಂದ 8 ಸಲ ಆಗುವ ಅದುರು. ಆ ಲಯಕ್ಕೆ ಬೆನ್ನು ತಾನೇ ತಾಳ ಹಾಕಿ ಕುಣಿಯತೊಡಗುತ್ತದೆ, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದರೆ ಅದು ಏರುತ್ತಾ ಹೋಗುವ ಹಾಗೆ. ಮರದ ಪೆಟ್ಟಿಗೆಯ ಮೇಲಿನ ಕುಷನ್ನು ಈ ಅದುರನ್ನು ಕಡಿಮೆ ಮಾಡುವುದಿಲ್ಲ, ಎಷ್ಟೋ ಸಲ ಹೆಚ್ಚೇ ಮಾಡುತ್ತದೆ. ಮೆತ್ತಗಿದ್ದರೆ ಸಾಕು ಎಂದು ಎರಡು ದಿಂಬು ಹಾಕಿಕೊಂಡು ಕೂರುವವರಿಗೆ ಸೊಂಟನೋವು ಯಾಕೆ ಬಿಡುವುದಿಲ್ಲ ಎಂಬುದಕ್ಕೆ ಕಾರಣ ಇದೇ. ಬೇಕಾದದ್ದು ಕತ್ತರಿಯಂತೆ ಮಡಚುವ ಕಾಲುಗಳು, ಒಂದು ಸ್ಪ್ರಿಂಗು ಅಥವಾ ಗಾಳಿಯ ಚೀಲ, ಜೊತೆಗೆ ಕುಣಿತ ನಿಲ್ಲಿಸಲು ಒಂದು ಶಾಕ್ ಅಬ್ಸಾರ್ಬರ್ ಇರುವ ಸೀಟು. ಅದು ತೀರಾ ನಿಧಾನವಾಗಿ ತೂಗುವುದರಿಂದ ಕೆಟ್ಟ ಅದುರು ಮೇಲಕ್ಕೆ ದಾಟುವುದು ಬಹಳ ಕಡಿಮೆ.

ಇಂಥ ಸೀಟು ಹೊಸದಾಗಿ ಕೊಂಡರೆ ದುಬಾರಿ. ಗುಜರಿಯಲ್ಲಿ ಸಿಗುತ್ತದೆ. ದೊಡ್ಡ ಬಸ್ಸುಗಳು ಆಯಸ್ಸು ಮುಗಿಸಿ ಬಿಚ್ಚಲು ಬಂದಾಗ ಕಬ್ಬಿಣ ತೂಕಕ್ಕೆ ಹೋಗುತ್ತದೆ, ಎಂಜಿನ್ನು ಗೇರ್‌ಬಾಕ್ಸಿಗೆ ಗಿರಾಕಿಗಳು ಕಾದಿರುತ್ತಾರೆ. ಡ್ರೈವರ್ ಸೀಟನ್ನು ಕೇಳುವವರು ಕಡಿಮೆ. ಬೆಂಗಳೂರಿನ ಜೆ.ಸಿ. ರಸ್ತೆಯ ಪಕ್ಕದ ಕುಂಬಾರಗುಂಡಿ, ಶಿವಾಜಿನಗರದ ಗುಜರಿ ಸಾಲು ಹೆಚ್ಚಾಗಿ ಕಾರಿನವರ ಜಾಗ. ಲಾರಿ, ಬಸ್ಸಿನ ಸಾಮಾನಿಗೆ ಹೆದ್ದಾರಿ ಬದಿಯಲ್ಲಿ ಗಾಡಿ ಬಿಚ್ಚುವ ಅಂಗಳಗಳನ್ನೇ ಹುಡುಕಬೇಕು. ನಮಗೆ ಸಿಕ್ಕಿದ್ದು ಒಂದು ಖಾಸಗಿ ಬಸ್ಸಿನ ಸ್ಪ್ರಿಂಗ್ ಸೀಟು. ಮೇಲಿನ ಬಟ್ಟೆ ಹರಿದು, ಸ್ಪಂಜು ಇಲಿ ತಿಂದು, ನೋಡಲು ಅಸಹ್ಯವಾಗಿತ್ತು. ಬಾವ ಮುಖ ಸಿಂಡರಿಸಿದರು. ಅಂಗಡಿಯಾತ, ವಯಸ್ಸಾದ ಸಾಬರು, ನಕ್ಕು ಹೇಳಿದರು:

“ಮೇಲ್ಗಡೆ ಏನ್ ನೋಡ್ತೀರಾ ಅಣ್ಣ, ಅದು ಕುಷನ್ನೋನು ಮಾಡ್ಕೊಡ್ತಾನೆ. ಕೆಳಗಡೆ ಬಗ್ಗಿ ನೋಡಿ.”

ಗುಜರಿಯಲ್ಲಿ ಸೀಟು ಆರಿಸುವ ವಿದ್ಯೆ ಪೂರ್ತಿ ಆ ಮಾತಿನಲ್ಲಿದೆ. ಸೀಟಿನ ಮೇಲೆ ಕೂತು ಒಮ್ಮೆ ಕುಕ್ಕಬೇಕು. ಒಂದು ಸಲ ಮೇಲೆ ಬಂದು ನಿಂತರೆ ಶಾಕ್ ಅಬ್ಸಾರ್ಬರ್ ಜೀವಂತ ಇದೆ. ಮೂರು ನಾಲ್ಕು ಸಲ ಕುಣಿದರೆ ಅದು ಸತ್ತಿದೆ, ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು. ಕತ್ತರಿ ಕಾಲಿನ ಕೀಲುಗಳನ್ನು ಪಕ್ಕಕ್ಕೆ ಅಲ್ಲಾಡಿಸಿ ನೋಡಬೇಕು, ಬುಷ್ಷು ಸವೆದಿದ್ದರೆ ಸೀಟು ತಿರುವಿನಲ್ಲಿ ವಾಲುತ್ತದೆ. ಬೆಸುಗೆಯ ಜಾಗಗಳಲ್ಲಿ ಬಿರುಕು ಇದೆಯೇ, ಯಾರಾದರೂ ಮತ್ತೆ ಬೆಸೆದಿದ್ದಾರೆಯೇ ಎಂದು ಬೆರಳಾಡಿಸಬೇಕು. ತೂಕಕ್ಕೆ ತಕ್ಕಂತೆ ಹೊಂದಿಸುವ ತಿರುಪು ತಿರುಗಬೇಕು. ಈ ತಿರುಪನ್ನು ತನ್ನ ಮೈಭಾರಕ್ಕೆ ಸರಿಯಾಗಿ ಇಟ್ಟುಕೊಳ್ಳದೆ ಓಡಿಸುವ ಡ್ರೈವರುಗಳೇ ಹೆಚ್ಚು. 60 ಕಿಲೋ ತೂಗುವವರಿಗೂ 90 ಕಿಲೋ ತೂಗುವವರಿಗೂ ಒಂದೇ ಬಿಗಿ ಇದ್ದರೆ ಇಬ್ಬರಿಗೂ ಸೀಟು ಕೆಲಸ ಮಾಡುವುದಿಲ್ಲ. ಕೊನೆಗೆ, ಮನೆಗೆ ತಂದ ದಿನವೇ ಬಟ್ಟೆ ಸ್ಪಂಜು ಎಲ್ಲ ಕಿತ್ತು ಸುಟ್ಟುಹಾಕಿ, ಚೌಕಟ್ಟನ್ನು ಕುದಿನೀರಲ್ಲಿ ತೊಳೆದು ಎರಡು ದಿನ ಬಿಸಿಲಿಗಿಡಬೇಕು. ತಿಗಣೆ ಸೇರಿದ ಕ್ಯಾಬಿನ್ನಿನಲ್ಲಿ ಕ್ಲೀನರ್ ಹುಡುಗ ಒಂದು ರಾತ್ರಿ ಮಲಗಲಾರ.

ಗಾಳಿಯ ಸೀಟು ಇನ್ನೂ ಮೇಲು. ಏರ್ ಬ್ರೇಕ್ ಇರುವ ಲಾರಿಯಲ್ಲಿ ಗಾಳಿ ಹೇಗೂ ತುಂಬಿಕೊಂಡಿರುತ್ತದೆ. ಆದರೆ ಬ್ರೇಕಿಗೆ ಹೋಗುವ ಪೈಪಿನಿಂದ ಸೀಟಿಗೆ ಗಾಳಿ ಕದಿಯುವುದು ಪ್ರಾಣದ ಜೊತೆ ಆಟ. ಸೀಟಿನ ಚೀಲ ಒಡೆದರೆ ಬ್ರೇಕಿನ ಗಾಳಿಯೂ ಸೋರಿಹೋಗುತ್ತದೆ. ಬ್ರೇಕುಗಳಿಗೆ ಬೇರೆ, ಇತರ ಉಪಕರಣಗಳಿಗೆ ಬೇರೆ ಎಂದು ಗಾಳಿಯನ್ನು ಪಾಲುಮಾಡುವ ವಾಲ್ವ್ ಗಾಡಿಯಲ್ಲಿದ್ದು, ಆ ಇತರ ಉಪಕರಣಗಳ ಸಾಲಿನಿಂದ ತೆಗೆದುಕೊಂಡರೆ ಮಾತ್ರ ಸರಿ. ಇದನ್ನು ಬ್ರೇಕ್ ಮಿಸ್ತ್ರಿಯ ಕೈಯಲ್ಲೇ ಮಾಡಿಸಬೇಕು. ನಮ್ಮ ಗಾಡಿಯಲ್ಲಿ ಅಂಥ ಏರ್ಪಾಟಿನ ಬಗ್ಗೆ ಮಿಸ್ತ್ರಿಗೆ ಧೈರ್ಯ ಬರಲಿಲ್ಲ. ನಾವು ಸ್ಪ್ರಿಂಗಿಗೇ ನಿಂತೆವು.

ಸೀಟನ್ನು ಕೂರಿಸುವಾಗ ಆಗುವ ತಪ್ಪುಗಳೇ ಬೇರೆ. ಕ್ಯಾಬಿನ್ನಿನ ನೆಲದ ತಗಡಿಗೆ ತೂತು ಕೊರೆದು ಬೋಲ್ಟು ಬಿಗಿದರೆ, ಡಿಕ್ಕಿಯಾದ ದಿನ ಬೋಲ್ಟು ತಗಡನ್ನು ಹರಿದುಕೊಂಡು ಎದ್ದುಬರುತ್ತದೆ. ತಗಡಿನ ಅಡಿಯಲ್ಲಿ ಅಂಗೈ ಅಗಲದ ದಪ್ಪ ಕಬ್ಬಿಣದ ಪಟ್ಟಿ ಕೊಡಬೇಕು. ಆಗುವುದಾದರೆ ನೆಲದ ಅಡ್ಡ ಚಾನಲ್ಲಿಗೇ ಬೋಲ್ಟು ಇಳಿಯಬೇಕು. ಬೋಲ್ಟಿನ ತಲೆಯ ಮೇಲೆ 8.8 ಎಂದು ಒತ್ತಿರಬೇಕು, ಅದು ಗಟ್ಟಿ ಉಕ್ಕಿನ ಗುರುತು. ಎತ್ತರವನ್ನೂ ಅಳೆಯಬೇಕು. ಬಸ್ಸಿನ ಸೀಟು ಲಾರಿಗೆ ಬಂದಾಗ ನಾಲ್ಕು ಬೆರಳು ಎತ್ತರವಾಗುವುದು ಸಾಮಾನ್ಯ. ತಲೆ ಸೂರಿಗೆ ತಗಲುತ್ತದೆ, ಕಾಲು ಕ್ಲಚ್ಚಿಗೆ ಎಟುಕದೆ ತುದಿಬೆರಳಲ್ಲಿ ಒತ್ತಬೇಕಾಗುತ್ತದೆ. ಕ್ಲಚ್ಚು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿಯೇ ಇರಬೇಕು, ಸೀಟಿನ ಅಂಚು ತೊಡೆಯ ಅಡಿಯನ್ನು ಒತ್ತಬಾರದು. ನಾವು ಹಳೆಯ ಮರದ ಪೆಟ್ಟಿಗೆಯನ್ನು ಪೂರ್ತಿ ತೆಗೆದು ಗಿಡ್ಡನೆಯ ಆಂಗಲ್ ಕಬ್ಬಿಣದ ಪೀಠ ಮಾಡಿಸಿದೆವು. ಮೂರು ಸಲ ಕತ್ತರಿಸಿ ಬೆಸೆದ ಮೇಲೆ ಎತ್ತರ ಸರಿಹೋಯಿತು. ವೆಲ್ಡಿಂಗ್ ಹುಡುಗ ಬೇಸರಿಸಿಕೊಳ್ಳಲಿಲ್ಲ, ಅವನ ಅಪ್ಪನೂ ಡ್ರೈವರಂತೆ.

ಇನ್ನು ಸೆಕೆ. ಇಲ್ಲಿ ನಾನು ಹೇಳುವುದು ಬಹಳ ಸರಳ, ಅದಕ್ಕೇ ಯಾರೂ ಮಾಡುವುದಿಲ್ಲ. ಎ.ಸಿ.ಯ ಕನಸು ಕಾಣುವ ಮೊದಲು ಕ್ಯಾಬಿನ್ನಿನ ತೂತುಗಳನ್ನು ಮುಚ್ಚಬೇಕು. ಮಧ್ಯಾಹ್ನ ಗಾಡಿಯೊಳಗೆ ಬಾಗಿಲು ಹಾಕಿ ಕೂತು, ಕೆಳಗಡೆ ಬೆಳಕು ಎಲ್ಲೆಲ್ಲಿ ಇಣುಕುತ್ತದೆ ಎಂದು ನೋಡಿ. ಗೇರ್ ರಾಡಿನ ಬುಡದಲ್ಲಿ ರಬ್ಬರಿನ ಬೂಟು ಹರಿದಿರುತ್ತದೆ. ಕ್ಲಚ್ಚು, ಬ್ರೇಕಿನ ಪೆಡಲ್ಲು ಇಳಿಯುವ ಕಂಡಿಗಳು ತೆರೆದಿರುತ್ತವೆ. ವೈರು ಹಾದುಹೋಗುವ ತೂತಿನ ರಬ್ಬರ್ ಎಂದೋ ಉದುರಿಹೋಗಿರುತ್ತದೆ. ಎಂಜಿನ್ನಿನ ಮುಚ್ಚಳದ ಸುತ್ತಲಿನ ಬೀಡಿಂಗ್ ಒಣಗಿ ತುಂಡಾಗಿರುತ್ತದೆ. ಓಡುವ ಎಂಜಿನ್ನಿನ ನೀರೇ 80, 90 ಡಿಗ್ರಿ ಕಾಯ್ದಿರುತ್ತದೆ, ಹೊಗೆ ಕೊಳವೆಯ ಕಾವು ಅದಕ್ಕಿಂತ ಎಷ್ಟೋ ಪಟ್ಟು. ಆ ಬಿಸಿಗಾಳಿ, ಡೀಸೆಲ್ ವಾಸನೆ, ರಸ್ತೆಯ ಧೂಳು ಎಲ್ಲವೂ ಈ ಕಂಡಿಗಳಿಂದಲೇ ಒಳಗೆ ನುಗ್ಗುತ್ತವೆ. ಹೊಗೆ ಕೊಳವೆ ಎಲ್ಲಾದರೂ ಸೋರುತ್ತಿದ್ದರೆ ಅದರ ಜೊತೆ ಕಾರ್ಬನ್ ಮೊನಾಕ್ಸೈಡ್ ಕೂಡ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಮೊದಲು ತಲೆನೋವು, ಆಮೇಲೆ ಮಂಪರು. ರಾತ್ರಿ ಎಂಜಿನ್ನು ಚಾಲೂ ಇಟ್ಟು ಗಾಜು ಏರಿಸಿ ಮಲಗುವವರು ಇದನ್ನು ಮರೆಯಬಾರದು.

ಗೇರ್ ಬೂಟು, ಬಾಗಿಲಿನ ರಬ್ಬರ್, ಬೀಡಿಂಗ್ ಇವನ್ನು ಗುಜರಿಯಿಂದ ತರಬೇಡಿ. ಹಳೆಯ ರಬ್ಬರ್ ಹಳೆಯದೇ. ಹೊಸದು ದುಬಾರಿಯೂ ಅಲ್ಲ. ಗುಜರಿಯಿಂದ ತರಬೇಕಾದದ್ದು ಎಂಜಿನ್ನಿನ ಮುಚ್ಚಳ. ಆಮೇಲಿನ ಮಾಡೆಲ್‌ಗಳ ಮುಚ್ಚಳಕ್ಕೆ ಒಳಗಡೆ ದಪ್ಪ ಹಾಸು, ಹೊಳೆಯುವ ಹಾಳೆ ಇರುತ್ತದೆ, ಅಂಚಿನ ಹಿಡಿಕೆಗಳೂ ಗಟ್ಟಿ. ನಮ್ಮ ಗಾಡಿಯ ಅಳತೆಗೆ ಒಪ್ಪುವಂಥದ್ದು ಸಿಗಲಿಲ್ಲ. ಇದ್ದ ಮುಚ್ಚಳದ ಒಳಮೈಗೇ ಕಾವು ತಡೆಯುವ ಹಾಸು ಅಂಟಿಸಿ, ಮೇಲೆ ಅಲ್ಯೂಮಿನಿಯಂ ಹಾಳೆ ಹೊದಿಸಿ, ಅಂಚಿಗೆ ಪಟ್ಟಿ ಕೊಟ್ಟು ರಿವೆಟ್ ಹೊಡೆಸಿದೆವು. ಸೂರಿನ ಹೊರಮೈಗೆ ಬಿಳಿ ಬಣ್ಣ. ಕಡುಬಣ್ಣದ ತಗಡು ಏಪ್ರಿಲ್ ಬಿಸಿಲಿನಲ್ಲಿ ದೋಸೆ ಹೆಂಚಾಗುತ್ತದೆ, ಬಿಳಿಯದು ಬಹುಪಾಲು ಬಿಸಿಲನ್ನು ವಾಪಸು ಕಳಿಸುತ್ತದೆ.

ಕಾವು ತಡೆಯಲು ಕೈಗೆ ಸಿಕ್ಕಿದ್ದನ್ನೆಲ್ಲ ತುಂಬುವವರಿದ್ದಾರೆ. ಥರ್ಮೋಕೋಲ್, ಪ್ಯಾಕಿಂಗ್ ಸ್ಪಂಜು, ಹಳೆ ಹಾಸಿಗೆ. ಇವೆಲ್ಲ ಕಿಡಿ ತಗುಲಿದರೆ ಭಗ್ಗನೆ ಹತ್ತಿಕೊಳ್ಳುವ ವಸ್ತುಗಳು. ವಾಹನದ ಒಳಗಿನ ಬಟ್ಟೆ, ಸ್ಪಂಜು, ಹಾಸುಗಳಿಗೆ ಬೆಂಕಿ ಎಷ್ಟು ನಿಧಾನವಾಗಿ ಹರಡಬೇಕು ಎಂದು ಹೇಳುವ ಐಎಸ್ 15061 ಎಂಬ ಭಾರತೀಯ ಮಾನದಂಡವೇ ಇದೆ. ಗುಜರಿಯಲ್ಲಿ ಯಾರೂ ಅದರ ಚೀಟಿ ತೋರಿಸುವುದಿಲ್ಲ. ಹಾಗಾಗಿ ಒಂದು ಚೂರನ್ನು ಕತ್ತರಿಸಿ, ಬಯಲಿನಲ್ಲಿ ಇಕ್ಕಳದಲ್ಲಿ ಹಿಡಿದು ಬೆಂಕಿಕಡ್ಡಿ ತೋರಿಸಿ ನೋಡಿ. ಉರಿದು ತೊಟ್ಟಿಕ್ಕಿದರೆ ಅದು ಬೇಡ.

ನೆಲಕ್ಕೆ ಬಸ್ಸಿನ ರಬ್ಬರ್ ಮ್ಯಾಟು ಹಾಕಿದೆವು. ಹಳೆಯ ಮ್ಯಾಟು ಎತ್ತಿದಾಗ ಕೆಳಗಿನ ತಗಡು ತುಕ್ಕಿನಿಂದ ಜರಡಿಯಾಗಿತ್ತು. ಬ್ರೇಕ್ ಪೆಡಲ್ ಪಕ್ಕದಲ್ಲಿ ರಸ್ತೆ ಕಾಣುತ್ತಿತ್ತು. ಬಾವ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಇಷ್ಟು ವರ್ಷ ಅದರ ಮೇಲೆ ಕಾಲಿಟ್ಟಿದ್ದರು.

ಕರೆಂಟಿನ ಕೆಲಸದಲ್ಲಿ ನಾವೇ ಪೆಟ್ಟು ತಿಂದೆವು, ಅದನ್ನು ವಿವರವಾಗಿಯೇ ಹೇಳಬೇಕು. ಕಾರುಗಳೂ 407ರಂಥ ಸಣ್ಣ ಲಾರಿಗಳೂ 12 ವೋಲ್ಟಿನಲ್ಲಿ ಓಡುತ್ತವೆ. ದೊಡ್ಡ ಲಾರಿ, ಬಸ್ಸುಗಳದು 24 ವೋಲ್ಟು, ಎರಡು 12 ವೋಲ್ಟಿನ ಬ್ಯಾಟರಿಗಳನ್ನು ಒಂದರ ಹಿಂದೆ ಒಂದು ಜೋಡಿಸಿದ್ದು. ಗುಜರಿಯಲ್ಲಿ ಅಗ್ಗಕ್ಕೆ ಸಿಗುವ ಫ್ಯಾನು, ಬ್ಲೋವರ್, ಸ್ಟೀರಿಯೊ, ಚಾರ್ಜರ್ ಬಹುಪಾಲು ಕಾರಿನವು. ನಾವು ಒಂದು ಕಾರಿನ ಬ್ಲೋವರ್ ತಂದು, ಗಾಳಿ ಮುಖಕ್ಕೆ ಬರುವ ಹಾಗೆ ಡ್ಯಾಶ್‌ಬೋರ್ಡಿನ ಅಡಿ ಕೂರಿಸಿ, ಸ್ವಿಚ್ಚು ಹಾಕಿದೆವು. ಬಿರುಗಾಳಿಯಂತೆ ಬೀಸಿತು. ಬಾವ ಖುಷಿಯಿಂದ ಕೂಗಿದರು. ಎರಡನೆಯ ನಿಮಿಷಕ್ಕೆ ಸುಟ್ಟ ವಾಸನೆ, ಮೂರನೆಯದಕ್ಕೆ ಹೊಗೆ. ವೋಲ್ಟೇಜು ಎರಡು ಪಟ್ಟಾದರೆ ಕರೆಂಟೂ ಎರಡು ಪಟ್ಟಾಗುತ್ತದೆ, ಸುರುಳಿಯಲ್ಲಿ ಹುಟ್ಟುವ ಕಾವು ನಾಲ್ಕು ಪಟ್ಟು. ಫ್ಯೂಸು ಹಾಕಿರಲಿಲ್ಲ. ಬ್ಯಾಟರಿಯ ಕಟ್‌ಆಫ್ ಸ್ವಿಚ್ಚು ಕೈಗೆಟುಕುವಲ್ಲಿ ಇದ್ದದ್ದರಿಂದ ಕ್ಯಾಬಿನ್ನು ಉಳಿಯಿತು.

ಆಮೇಲೆ ಒಬ್ಬರು ಸಲಹೆ ಕೊಟ್ಟರು: ಎರಡು ಬ್ಯಾಟರಿ ಇದೆಯಲ್ಲ, ಒಂದರಿಂದ ಮಾತ್ರ ತಂತಿ ಎಳೆದರೆ 12 ವೋಲ್ಟು ಸಿಗುತ್ತದೆ. ಸಿಗುತ್ತದೆ, ನಿಜ. ಹೆದ್ದಾರಿಯ ಎಷ್ಟೋ ಲಾರಿಗಳಲ್ಲಿ ಹೀಗೇ ಮಾಡಿದ್ದಾರೆ. ಜೋಡಿ ಎತ್ತಿನಲ್ಲಿ ಒಂದರ ಮೇಲೆ ಮಾತ್ರ ಮೂಟೆ ಹೇರಿ ಎರಡಕ್ಕೂ ಸಮ ಮೇವು ಹಾಕಿದ ಹಾಗೆ ಅದು. ತಂತಿ ಎಳೆದ ಬ್ಯಾಟರಿ ಸದಾ ಹಸಿದಿರುತ್ತದೆ, ಇನ್ನೊಂದಕ್ಕೆ ಅಜೀರ್ಣ. ಆಲ್ಟರ್ನೇಟರ್ ಎರಡಕ್ಕೂ ಸೇರಿಸಿ ಸುಮಾರು 28 ವೋಲ್ಟು ಕೊಡುತ್ತದೆ. ಯಾವುದಕ್ಕೆ ಎಷ್ಟು ಬೇಕು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಒಂದರ ನೀರು ಕುದಿದು ಆರುತ್ತದೆ, ಇನ್ನೊಂದು ಚಾರ್ಜ್ ಹಿಡಿಯದೆ ಸಾಯುತ್ತದೆ. ಬೆಳಿಗ್ಗೆ ಮಾರುಕಟ್ಟೆಯ ಮುಂದೆ ಗಾಡಿ ಸ್ಟಾರ್ಟ್ ಆಗದೆ ನಿಂತಾಗ ಬ್ಯಾಟರಿ ಕಂಪನಿಯನ್ನು ಬೈದು ಫಲವಿಲ್ಲ.

ಸರಿಯಾದ ದಾರಿ, 24ನ್ನು 12ಕ್ಕೆ ಇಳಿಸುವ ಕನ್ವರ್ಟರ್. ಇದನ್ನು ಹೊಸದಾಗಿಯೇ ಕೊಳ್ಳಬೇಕು. ಅದಕ್ಕೆ ಹೋಗುವ ತಂತಿಗೆ ಬ್ಯಾಟರಿಯ ಬುಡದಲ್ಲೇ, ಒಂದು ಗೇಣಿನೊಳಗೆ, ಫ್ಯೂಸ್ ಇರಬೇಕು. ಫ್ಯೂಸ್ ಕಾಯುವುದು ತನ್ನಿಂದ ಮುಂದಿನ ತಂತಿಯನ್ನು. ಡ್ಯಾಶ್‌ಬೋರ್ಡಿನ ಹತ್ತಿರ ಹಾಕಿದರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ಅಷ್ಟುದ್ದ ತಂತಿಗೆ ಕಾವಲು ಇರುವುದಿಲ್ಲ. ತಗಡು ದಾಟುವ ಕಡೆ ರಬ್ಬರಿನ ಬಳೆ ಹಾಕಬೇಕು, ಇಲ್ಲದಿದ್ದರೆ ಅದುರಿಗೆ ತಂತಿಯ ಮೇಲುಪದರ ಸವೆಯುತ್ತದೆ. ಗುಜರಿಯಿಂದ ತರುವ ಹಳೆ ವೈರಿಂಗ್ ಕಟ್ಟನ್ನು ಹಾಗೇ ಎಂದೂ ಬಳಸಬೇಡಿ. ಅದರ ಸಾಕೆಟ್ಟುಗಳನ್ನು ಮಾತ್ರ ಎರಡು ಗೇಣು ತಂತಿ ಉಳಿಸಿಕೊಂಡು ಕತ್ತರಿಸಿ ತನ್ನಿ. ಆ ಸಾಕೆಟ್ಟು ಬಿಡಿಯಾಗಿ ಸಿಗುವುದು ಕಷ್ಟ. ಅನುಭವಸ್ಥರು ಬಿಚ್ಚುವ ಮೊದಲೇ ಇದನ್ನು ಕೇಳಿಟ್ಟುಕೊಳ್ಳುತ್ತಾರೆ.

ನಮಗೆ ಕೊನೆಗೆ ಒಪ್ಪಿದ್ದು ಒಂದು ಬಸ್ಸಿನಿಂದ ಬಂದ 24 ವೋಲ್ಟಿನ ಎರಡು ಫ್ಯಾನುಗಳು. ಬಸ್ಸು ಬಿಚ್ಚುವಲ್ಲಿ ಲಾರಿಗೆ ಬೇಕಾದದ್ದು ಬಹಳ ಸಿಗುತ್ತದೆ. ವೋಲ್ಟೇಜ್ ಒಂದೇ, ಸ್ವಿಚ್ಚುಗಳು ಗಟ್ಟಿ, ಒಳದೀಪ, ವೈಪರ್ ಮೋಟರ್, ಕಿಟಕಿಯ ಗ್ಲಾಸ್ ಮೆಷಿನ್ನು ಎಲ್ಲವೂ ದಿನವಿಡೀ ದುಡಿಯಲೆಂದೇ ಮಾಡಿದ್ದು. ಕಾರಿನ ಸಾಮಾನಿನ ಹೊಳಪು ಅವಕ್ಕಿಲ್ಲ, ಬಾಳಿಕೆ ಇದೆ.

ಹಳೆಯ ಲಾರಿಗೆ ಗುಜರಿಯ ಎ.ಸಿ. ಕೂರಿಸುವುದು ಸಾಧ್ಯ, ಮಾಡಿಸಿಕೊಂಡವರೂ ಇದ್ದಾರೆ. ನನ್ನ ಮಾತು ಕೇಳುವುದಾದರೆ ಆತುರ ಬೇಡ. ಕಂಪ್ರೆಸರ್ ಕೂರಿಸಲು ಎಂಜಿನ್ನಿನ ಮೇಲೆ ಗಟ್ಟಿ ಬ್ರಾಕೆಟ್ಟು, ಬೆಲ್ಟಿನ ಸಾಲು ಕೂದಲೆಳೆಯಷ್ಟೂ ತಪ್ಪದಂತೆ ಹೊಂದಿಕೆ, ಆಲ್ಟರ್ನೇಟರಿಗೆ ಮೇಲುಭಾರ ಹೊರುವ ಶಕ್ತಿ ಇವೆಲ್ಲ ಬೇಕು. ಬಿಚ್ಚಿ ಬಾಯಿ ತೆರೆದು ಬಿಸಾಡಿದ್ದ ಕಂಪ್ರೆಸರಿನೊಳಗೆ ತೇವ ಸೇರಿರುತ್ತದೆ. ತೇವ ಹೀರುವ ಡ್ರೈಯರ್ ಎಂಬ ಡಬ್ಬಿಯನ್ನಂತೂ ಹಳೆಯದನ್ನು ಬಳಸಿದರೆ ಉಳಿದ ಸಾಮಾನೆಲ್ಲ ಕೆಡುತ್ತದೆ. ತೂತು ಮುಚ್ಚದ ಕ್ಯಾಬಿನ್ನಿಗೆ ಎ.ಸಿ. ಹಾಕುವುದು ಒಡೆದ ಬಿಂದಿಗೆಗೆ ನೀರು ಹೊಯ್ದ ಹಾಗೆ. ಮೊದಲು ಒಂದು ಬೇಸಿಗೆ ತೂತು ಮುಚ್ಚಿ, ಹಾಸು ಹಾಕಿ, ಫ್ಯಾನಿನಲ್ಲಿ ಕಳೆಯಿರಿ. ಆಮೇಲೂ ಬೇಕೆನಿಸಿದರೆ ಹಾಕಿಸಿ.

ಗುಜರಿಯಿಂದ ಎಂದೂ ತರಬಾರದ್ದೂ ಇದೆ. ಸೀಟ್ ಬೆಲ್ಟು ಮೊದಲನೆಯದು. ಅಪಘಾತವಾದ ಗಾಡಿಯ ಬೆಲ್ಟು ಒಮ್ಮೆ ಮನುಷ್ಯನ ಭಾರ ತಡೆದು ಎಳೆದುಕೊಂಡಿರುತ್ತದೆ. ಅದರ ನೂಲು ಎರಡನೆಯ ಸಲ ತಡೆಯುತ್ತದೆಂಬ ನಂಬಿಕೆ ಇಲ್ಲ, ಕಣ್ಣಿಗೆ ಅದು ಕಾಣುವುದೂ ಇಲ್ಲ. ಸ್ಟೇರಿಂಗ್ ಚಕ್ರವೂ ಬೇಡ. ನಡುವಿನ ಹಲ್ಲುಗಳು ಗಾಡಿಯಿಂದ ಗಾಡಿಗೆ ಬೇರೆ, ಹೆಚ್ಚುಕಡಿಮೆ ಕೂತಂತೆ ಕಂಡರೂ ಘಾಟಿಯ ತಿರುವಿನಲ್ಲಿ ಕೈಗೆ ಬಂದುಬಿಡಬಹುದು. ಏರ್‌ಬ್ಯಾಗು ಇರುವ ಕಾರಿನ ಡ್ಯಾಶ್‌ಬೋರ್ಡನ್ನು ಚೆಂದವೆಂದು ತಂದು ಮನೆಯಂಗಳದಲ್ಲಿ ಬಿಚ್ಚುವುದು ಪಟಾಕಿ ಬಿಚ್ಚಿದಂತೆಯೇ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್.ಸಿ.ಯಲ್ಲಿ ಬರೆದ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ಮೇಲೆ ಅದಕ್ಕೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಸೀಟುಗಳ ಸಂಖ್ಯೆ ಹೆಚ್ಚಿಸುವುದು, ಕ್ಯಾಬಿನ್ನು ಉದ್ದ ಮಾಡುವುದು, ಚೌಕಟ್ಟು ಕತ್ತರಿಸುವುದು ಎಲ್ಲ ಆರ್‌ಟಿಒ ಅನುಮತಿಯ ವಿಷಯ. ಸವೆದ ಡ್ರೈವರ್ ಸೀಟಿನ ಜಾಗಕ್ಕೆ ಗಟ್ಟಿಯಾದ ಇನ್ನೊಂದು ಸೀಟು ಕೂರಿಸುವುದು ಅಷ್ಟು ದೊಡ್ಡ ಬದಲಾವಣೆ ಅಲ್ಲ. ಆದರೂ ಎಂಟು ವರ್ಷ ದಾಟಿದ ಲಾರಿ ಪ್ರತಿವರ್ಷ ಓಡಲು ಯೋಗ್ಯ ಎಂಬ ಪ್ರಮಾಣಪತ್ರಕ್ಕೆ, ಅಂದರೆ ಎಫ್‌.ಸಿ.ಗೆ ಹೋಗಲೇಬೇಕು, ಕೆಲಸಕ್ಕೆ ಮುಂಚೆ ಅಲ್ಲಿಯ ಇನ್‌ಸ್ಪೆಕ್ಟರನ್ನು ಕೇಳಿಕೊಂಡರೆ ನಷ್ಟವಿಲ್ಲ. ನಾವು ಕೇಳಿಕೊಂಡೇ ಮಾಡಿದೆವು.

ಬಿಲ್ಲು ಬರೆಸಿಕೊಳ್ಳಿ. ಯಾವ ಗಾಡಿಯಿಂದ ಬಂದ ಸಾಮಾನು ಎಂದು ಅಂಗಡಿಯವರಿಂದ ನಮೂದು ಮಾಡಿಸಿ. ಕದ್ದ ಗಾಡಿಗಳನ್ನು ಬಿಚ್ಚಿ ಮಾರುವ ದಂಧೆ ಈ ವ್ಯಾಪಾರಕ್ಕೆ ಅಂಟಿದ ಕಳಂಕ. ಉತ್ತರ ಪ್ರದೇಶದ ಮೀರತ್‌ನಲ್ಲಿ ಸೋತಿಗಂಜ್ ಎಂಬ ಹೆಸರುವಾಸಿ ಮಾರುಕಟ್ಟೆಯನ್ನು 2021ರಲ್ಲಿ ಪೊಲೀಸರು ಇದೇ ಕಾರಣಕ್ಕೆ ಮುಚ್ಚಿಸಿದರು. ಅದೇ ವರ್ಷ ಕೇಂದ್ರ ಸರ್ಕಾರ ನೋಂದಾಯಿತ ಗುಜರಿ ಕೇಂದ್ರಗಳ ನಿಯಮಗಳನ್ನೂ ತಂದಿತು. ಅಂಥ ಕೇಂದ್ರಗಳಲ್ಲಿ ಗಾಡಿಯ ದಾಖಲೆ ನೋಡಿ, ಕ್ರಮವಾಗಿ ಬಿಚ್ಚುತ್ತಾರೆ. ಅಲ್ಲಿಂದ ಬರುವ ಒಳ್ಳೆಯ ಸೀಟು, ಫ್ಯಾನು, ಬಾಗಿಲುಗಳು ಕರಗುವ ಕುಲುಮೆಗೆ ಹೋಗದೆ ಹಳೆಯ ಲಾರಿಗಳಿಗೆ ಸೇರುವ ವ್ಯವಸ್ಥೆಯೊಂದು ನಮ್ಮ ಜಿಲ್ಲೆಗಳಲ್ಲಿ ಆಗಬೇಕು. ಕೆಎಸ್‌ಆರ್‌ಟಿಸಿ ತನ್ನದೇ ವರ್ಕ್‌ಶಾಪುಗಳಲ್ಲಿ ನೂರಾರು ಹಳೆಯ ಬಸ್ಸುಗಳನ್ನು ಹೊಸದರಂತೆ ಮಾಡಿ ರಸ್ತೆಗೆ ಬಿಟ್ಟಿದೆ. ಆ ಕೈಚಳಕ ನಮ್ಮ ಮಿಸ್ತ್ರಿಗಳಲ್ಲಿ ಇದೆ. ಬೇಕಾದದ್ದು, ಅದೇ ಕಾಳಜಿ ಒಂಟಿ ಲಾರಿಯ ಮಾಲೀಕನವರೆಗೂ ತಲುಪುವುದು.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಡ್ರೈವರಿನ ದುಡಿಮೆಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. ಹೆದ್ದಾರಿಯಲ್ಲಿ ಆ ಲೆಕ್ಕ ಯಾರು ಇಡುತ್ತಾರೆ? ಹನ್ನೆರಡು, ಹದಿನಾಲ್ಕು ಗಂಟೆ ಸ್ಟೇರಿಂಗ್ ಹಿಡಿಯುವವರಿಗೆ ಕೂರುವ ಜಾಗವೇ ಮನೆ, ಮಲಗುವ ಜಾಗವೇ ಮನೆ. ಎದುರಿಗೆ ಬೈಕಿನಲ್ಲಿ, ಕಾರಿನಲ್ಲಿ ಬರುವ ನಮ್ಮ ಜೀವವೂ ಆ ಬಳಲಿದ ಬೆನ್ನಿನ ಮೇಲೆಯೇ ನಿಂತಿದೆ.

ನಮ್ಮ ಕೆಲಸ ಮುಗಿದ ಮೇಲೆ ಮಾವನನ್ನು ಕರೆದುಕೊಂಡು ಹೋಗಿ ತೋರಿಸಿದೆವು. ಕಷ್ಟಪಟ್ಟು ಹತ್ತಿದರು. ಸೀಟಿನ ಮೇಲೆ ಕೂತು ಮೇಲೆ ಕೆಳಗೆ ತೂಗಿ ನೋಡಿದರು. ಎಂಜಿನ್ನು ಸ್ಟಾರ್ಟ್ ಮಾಡಿಸಿದರು. ಸುಮಾರು ಹೊತ್ತು ಅಂಗೈಯನ್ನು ಮುಚ್ಚಳದ ಮೇಲೆ ಇಟ್ಟುಕೊಂಡೇ ಇದ್ದರು. ಆಮೇಲೆ ಮಗನ ಕಡೆ ತಿರುಗಿ, “ಕೈ ಇಡಬಹುದು ಕಣೋ” ಎಂದರು.

ಲಾರಿ ಮಾಲೀಕರಲ್ಲಿ ಒಂದು ಕೋರಿಕೆ. ಮುಂದಿನ ಎಫ್‌.ಸಿ.ಗೆ ಗಾಡಿ ಗ್ಯಾರೇಜಿಗೆ ಬಿಡುವಾಗ, ಹೊರಗಿನ ಬಣ್ಣದ ಲೆಕ್ಕ ಹಾಕುವ ಮುಂಚೆ ಡ್ರೈವರಿನ ಸೀಟಿನಲ್ಲಿ ನೀವೇ ಕೂತು, ಮಧ್ಯಾಹ್ನದ ಬಿಸಿಲಿನಲ್ಲಿ, ನಿಮ್ಮ ಊರಿನಿಂದ ಪಕ್ಕದ ಜಿಲ್ಲೆಯವರೆಗೆ ಒಮ್ಮೆ ಹೋಗಿಬನ್ನಿ. ಬಂದ ಮೇಲೆ ಕಾಲ ಕೆಳಗಿನ ಮ್ಯಾಟು ಎತ್ತಿ ನೋಡಿ.